ಗಾಜಿನ ತೊಟ್ಟಿಯ ಅಣಬೆ ಹವಳ: ಪಾಲನೆ, ಕಾನೂನು ಮತ್ತು ಲೆಕ್ಕಪತ್ರ

ಉಸಿರಿರುವ ಸರಕಿನ ವ್ಯವಹಾರ ರಾಮನಗರ ಸೀಮೆಗೆ ಹೊಸದಲ್ಲ. ಒಂದು ಡಿಗ್ರಿ ಶಾಖ ಹೆಚ್ಚಾದರೆ, ಪಕ್ಕದ ಹೊಲದಲ್ಲಿ ಔಷಧಿ ಸಿಂಪಡಿಸಿದರೆ, ಸೊಪ್ಪು ಬಾಡಿದ್ದರೆ ಇಡೀ ಚಾಕಿಯೇ ಕೈಬಿಟ್ಟುಹೋಗುವ ಅಪಾಯದ ನಡುವೆ ರೇಷ್ಮೆ ಬೆಳೆಗಾರರು ತಲೆಮಾರುಗಳಿಂದ ಬದುಕಿದ್ದಾರೆ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗು ಕೂಡ ಒಂದು ಕೀಟದ ಉತ್ಪನ್ನವೇ. ಹೀಗೆ ಎರಡು ಸಣ್ಣ ಜೀವಿಗಳ ಋಣದಲ್ಲಿರುವ ಈ ಜಿಲ್ಲೆಯ ವರ್ತಕರಿಗೆ ಮೂರನೆಯದೊಂದು ಸೂಕ್ಷ್ಮ ಜೀವಿಯನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ. ಅದೇ ಕಡಲಿನ ಅಣಬೆ ಹವಳ.

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಪಟ್ಟಣಗಳು ಬೆಂಗಳೂರಿನಿಂದ ಸುಮಾರು 50ರಿಂದ 60 ಕಿಲೋಮೀಟರ್ ದೂರದಲ್ಲಿವೆ. ರಾಜಧಾನಿಯ ಅಭಿರುಚಿಗಳು ಇಲ್ಲಿಗೆ ಬರಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಸಿಹಿನೀರಿನ ಬಣ್ಣದ ಮೀನಿನ ತೊಟ್ಟಿ ಮನೆ, ಅಂಗಡಿ, ದವಾಖಾನೆಗಳಲ್ಲಿ ಸಾಮಾನ್ಯವಾಗಿದೆ. ಅದರ ಮುಂದಿನ ಹೆಜ್ಜೆ ಉಪ್ಪುನೀರಿನ ಹವಳದ ತೊಟ್ಟಿ. ಆದರೆ ಈ ಹೆಜ್ಜೆ ಇಡುವವರು ನೀರಿನ ಗುಣ, ಶಾಖದ ಹದ ಮತ್ತು ದೇಶದ ಕಾನೂನು ಎಂಬ ಮೂರು ವಿಷಯಗಳನ್ನು ಮೊದಲೇ ತಿಳಿದಿರುವುದು ಒಳಿತು. ಮೊದಲಿನ ಎರಡನ್ನು ಅಲಕ್ಷಿಸಿದರೆ ಹಣ ಮತ್ತು ಜೀವ ನಷ್ಟ. ಮೂರನೆಯದನ್ನು ಅಲಕ್ಷಿಸಿದರೆ ಸೆರೆಮನೆ.

ಅಣಬೆ ಹವಳ ಎಂದರೇನು?

ಹವಳ ಎಂದೊಡನೆ ನಮ್ಮ ಜನರಿಗೆ ನೆನಪಾಗುವುದು ಉಂಗುರದಲ್ಲಿನ ಕೆಂಪು ಹರಳು. ಅದು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದಲ್ಲಿ ದೊರೆಯುವ ಬೇರೆಯದೇ ಗುಂಪಿನ ಹವಳ. ಅಣಬೆ ಹವಳವು ಕೊರಾಲಿಮಾರ್ಫೇರಿಯಾ ಎಂಬ ವರ್ಗಕ್ಕೆ ಸೇರಿದ ಮೃದು ದೇಹದ ಪ್ರಾಣಿ. ಇದಕ್ಕೆ ಸುಣ್ಣದ ಅಸ್ಥಿಪಂಜರವಿಲ್ಲ. ಬಂಡೆಗೆ ಅಂಟಿಕೊಂಡ ಗಿಡ್ಡ ಕಾಂಡ, ಅದರ ಮೇಲೆ ಕೊಡೆಯಂತೆ ಹರಡಿದ ತಟ್ಟೆ, ನಟ್ಟನಡುವೆ ಒಂದು ಬಾಯಿ. ಇಷ್ಟೇ ಅದರ ಶರೀರ. ತೊಟ್ಟಿಗಳಲ್ಲಿ ಡಿಸ್ಕೋಸೋಮಾ, ರೋಡ್ಯಾಕ್ಟಿಸ್ ಮತ್ತು ರಿಕಾರ್ಡಿಯಾ ಎಂಬ ಮೂರು ಕುಲಗಳು ಹೆಚ್ಚಾಗಿ ಕಾಣಸಿಗುತ್ತವೆ. ಇವುಗಳಲ್ಲಿ ಡಿಸ್ಕೋಸೋಮಾ ಗಟ್ಟಿಜೀವಿ. ರಿಕಾರ್ಡಿಯಾ ಕುಲದ ಯೂಮಾ ಎಂಬ ಪ್ರಭೇದ ಬಹು ನಾಜೂಕಿನದು. ನೆಮ್ಮದಿ ಕೆಟ್ಟರೆ ಒಂದೆರಡು ದಿನಗಳಲ್ಲಿ ಕರಗಿ ಲೋಳೆಯಾಗಿಬಿಡುತ್ತದೆ.

ಇದರ ಆಹಾರ ಕ್ರಮವೂ ಸ್ವಾರಸ್ಯಕರ. ಹವಳದ ಅಂಗಾಂಶದೊಳಗೆ ಬರಿಗಣ್ಣಿಗೆ ಕಾಣದ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಅದರಲ್ಲಿ ಹೆಚ್ಚಿನ ಪಾಲನ್ನು ಆಶ್ರಯದಾತನಿಗೆ ಕೊಡುತ್ತವೆ. ಹವಳವು ಅವಕ್ಕೆ ನೆಲೆಯನ್ನೂ ಸಾರಜನಕವನ್ನೂ ಒದಗಿಸುತ್ತದೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇದು ಲಿಖಿತ ಕರಾರಿಲ್ಲದ ಪಾಲುದಾರಿಕೆ. ನೀರಿನ ಶಾಖ ಮಿತಿಮೀರಿದರೆ ಈ ಪಾಲುದಾರಿಕೆ ಮುರಿದು, ಪಾಚಿಗಳು ಹೊರಬಿದ್ದು, ಹವಳ ಬಿಳಿಚಿಕೊಳ್ಳುತ್ತದೆ. ಜಗತ್ತಿನ ಸಮುದ್ರಗಳಲ್ಲಿ ಆಗುತ್ತಿರುವುದೂ ಇದೇ. ನಾಲ್ಕನೆಯ ಜಾಗತಿಕ ಹವಳ ಬಿಳಿಚುವಿಕೆ ನಡೆದಿದೆಯೆಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಅಧಿಕೃತವಾಗಿ ಪ್ರಕಟಿಸಿದರು. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲಿನ ಹವಳಗಳು ನಮ್ಮ ರಾಜ್ಯದ ಅಪರೂಪದ ಸಂಪತ್ತು. ಅಲ್ಲಿಂದ ಒಂದು ಚೂರನ್ನೂ ಕಿತ್ತು ತರಬಾರದೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ತೊಟ್ಟಿಯಲ್ಲಿ ನಾಜೂಕು ಎನಿಸುವ ಈ ಪ್ರಾಣಿ ಸಮುದ್ರದಲ್ಲಿ ಯಾವಾಗಲೂ ಹಾಗಿರುವುದಿಲ್ಲ. ಪೆಸಿಫಿಕ್ ಸಾಗರದ ಪಾಲ್ಮೈರಾ ದ್ವೀಪದಲ್ಲಿ 1991ರಲ್ಲಿ ಮೀನುಗಾರಿಕಾ ಹಡಗೊಂದು ಬಂಡೆಗೆ ಬಡಿದು ಮುರಿದುಬಿತ್ತು. ಅದರ ಕಬ್ಬಿಣ ಕರಗತೊಡಗಿದ ಮೇಲೆ ಒಂದು ಜಾತಿಯ ರೋಡ್ಯಾಕ್ಟಿಸ್ ಸುತ್ತಲಿನ ಹವಳಗಳನ್ನೆಲ್ಲ ಮುಚ್ಚಿ ಹಬ್ಬಿತೆಂದು 2008ರಲ್ಲಿ ಸಂಶೋಧಕರು ವರದಿ ಮಾಡಿದರು. ಅಂದರೆ ಈ ಜೀವಿಗೆ ಬೇಕಾದುದು ತಕ್ಕ ಪರಿಸರ. ಅದು ದೊರೆತರೆ ಹಬ್ಬುತ್ತದೆ, ದೊರೆಯದಿದ್ದರೆ ಕರಗುತ್ತದೆ.

ಹೆಸರಿನಲ್ಲಿರುವ ಅಪಾಯ

ವರ್ತಕರು ವಿಶೇಷವಾಗಿ ಗಮನಿಸತಕ್ಕ ಅಂಶ ಇಲ್ಲಿದೆ. 'ಮಶ್ರೂಮ್ ಕೋರಲ್' ಎಂಬ ಒಂದೇ ಹೆಸರು ಮಾರುಕಟ್ಟೆಯಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳಿಗೆ ಚಲಾವಣೆಯಲ್ಲಿದೆ. ಒಂದು, ಮೇಲೆ ವಿವರಿಸಿದ ಮೃದು ದೇಹದ ಹವಳ. ಇನ್ನೊಂದು ಫಂಜಿಯಾ ಮತ್ತು ಅದರ ಬಂಧುಗಳು. ಇವಕ್ಕೆ ಅಣಬೆಯ ಅಡಿಭಾಗದಂತೆ ಪದರಗಳುಳ್ಳ ಗಟ್ಟಿ ಸುಣ್ಣದ ಚಿಪ್ಪಿರುತ್ತದೆ. ಇವು ಸ್ಕ್ಲೆರಾಕ್ಟೀನಿಯಾ ಎಂಬ ಕಲ್ಲುಹವಳಗಳ ವರ್ಗಕ್ಕೆ ಸೇರಿದವು.

ಈ ವ್ಯತ್ಯಾಸ ಕೇವಲ ಪ್ರಾಣಿಶಾಸ್ತ್ರದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಗೆ 2001ರಲ್ಲಿ ಎಲ್ಲ ಕಲ್ಲುಹವಳಗಳು, ಕಪ್ಪುಹವಳಗಳು, ಬೆಂಕಿಹವಳಗಳು, ಕಡಲ ಬೀಸಣಿಗೆಗಳು ಮತ್ತು ಕೊಳವೆಹವಳ ಸೇರ್ಪಡೆಯಾದವು. ಹುಲಿ, ಆನೆಗಳಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಒಂದನೇ ಅನುಸೂಚಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವನ್ನು ವಿಧಿಸಬಹುದಾಗಿದೆ. ಜೀವಂತ ಪ್ರಾಣಿ ಮಾತ್ರವಲ್ಲ, ಸತ್ತ ಹವಳದ ತುಂಡು, ಅದರಿಂದ ಮಾಡಿದ ಅಲಂಕಾರ ವಸ್ತು, 'ಜೀವಂತ ಬಂಡೆ' ಎಂಬ ಹೆಸರಿನಲ್ಲಿ ಮಾರಾಟವಾಗುವ ಹವಳದ ಕಲ್ಲು, ಇವೂ ತೊಂದರೆಗೆ ದಾರಿಯಾಗಬಲ್ಲವು.

ಕೊರಾಲಿಮಾರ್ಫೇರಿಯಾ ವರ್ಗದ ಮೃದು ಅಣಬೆ ಹವಳಗಳು ಈ ಪಟ್ಟಿಯಲ್ಲಿ ಹೆಸರಿಸಲ್ಪಟ್ಟಿಲ್ಲ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿಯೂ ಇಲ್ಲ. ಆದರೆ ಇದನ್ನು ಸಾರಾಸಗಟು ಪರವಾನಗಿಯೆಂದು ಭಾವಿಸಬಾರದು. ಕಛ್ ಕೊಲ್ಲಿ ಮತ್ತು ಮನ್ನಾರ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನಗಳಂಥ ಸಂರಕ್ಷಿತ ಪ್ರದೇಶಗಳಿಂದ ಯಾವ ಜೀವಿಯನ್ನೂ ಕೀಳುವಂತಿಲ್ಲ. ಮೃದು ಹವಳ ಕುಳಿತಿರುವ ಕಲ್ಲು ಸ್ವತಃ ಕಲ್ಲುಹವಳದ ಅವಶೇಷವಾಗಿದ್ದರೆ ಪ್ರಶ್ನೆ ಮತ್ತೆ ಏಳುತ್ತದೆ. ಆದ್ದರಿಂದ ಖರೀದಿಸುವವರು ಈ ಕೆಳಗಿನ ಎಚ್ಚರಿಕೆಗಳನ್ನು ವಹಿಸುವುದು ಸೂಕ್ತ.

1. ಬಿಲ್ಲಿನಲ್ಲಿ 'ಮಶ್ರೂಮ್' ಎಂದಷ್ಟೇ ಬರೆಸಿಕೊಳ್ಳದೆ ಪ್ರಾಣಿಯ ವೈಜ್ಞಾನಿಕ ಹೆಸರನ್ನೂ ಸಂಖ್ಯೆಯನ್ನೂ ಬರೆಸಿಕೊಳ್ಳಬೇಕು.

2. ವಿದೇಶದಿಂದ ಬಂದ ಸರಕಾದರೆ ಆಮದು ಪರವಾನಗಿ ಮತ್ತು ಸುಂಕದ ದಾಖಲೆಗಳ ಪ್ರತಿಯನ್ನು ಕೇಳಿ ಪಡೆಯಬೇಕು.

3. ಸಿರಾಮಿಕ್ ಅಥವಾ ಸಿಮೆಂಟಿನಿಂದ ತಯಾರಿಸಿದ ಕೃತಕ ಬಿಲ್ಲೆಗಳ ಮೇಲೆ, ತೊಟ್ಟಿಯಲ್ಲಿಯೇ ಬೆಳೆಸಿದ ಹವಳಗಳನ್ನು ಮಾತ್ರ ಕೊಳ್ಳಬೇಕು.

4. ಸಂಶಯವಿದ್ದಲ್ಲಿ ಹಣ ಕೊಡುವ ಮೊದಲೇ ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗದಿಂದ ಲಿಖಿತ ಅಭಿಪ್ರಾಯ ಪಡೆಯಬೇಕು.

ದಾಖಲೆಯಿಲ್ಲದ ಸರಕು ಅಗ್ಗವಾಗಿ ಸಿಕ್ಕರೆ ಅದು ಅಗ್ಗದ್ದಲ್ಲ ಎಂಬುದು ಎಲ್ಲ ವ್ಯಾಪಾರಗಳಿಗೂ ಅನ್ವಯಿಸುವ ಮಾತು.

ನೀರೇ ಬಂಡವಾಳ

ರಾಮನಗರ ಸೀಮೆಯ ಕೊಳವೆಬಾವಿಗಳು ಕಗ್ಗಲ್ಲಿನ ಬಿರುಕುಗಳಿಂದ ನೀರು ಎತ್ತುತ್ತವೆ. ಆ ನೀರು ಸಾಮಾನ್ಯವಾಗಿ ಗಡಸು. ಅದನ್ನು ನೇರವಾಗಿ ತೊಟ್ಟಿಗೆ ಹಾಕುವಂತಿಲ್ಲ. ರಿವರ್ಸ್ ಆಸ್ಮೋಸಿಸ್ ಯಂತ್ರದಿಂದ ಶುದ್ಧೀಕರಿಸಿ, ಅನಂತರ ಅಯಾನು ನಿವಾರಕ ರಾಳದ ಮೂಲಕ ಹಾಯಿಸಿ, ಕರಗಿದ ಲವಣಗಳ ಮಾಪಕದಲ್ಲಿ ಸೊನ್ನೆ ತೋರುವ ನೀರನ್ನೇ ಬಳಸಬೇಕು. ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗಾಗಿ ಖನಿಜಗಳನ್ನು ಮರಳಿ ಸೇರಿಸುವ ವ್ಯವಸ್ಥೆ ಇರುವುದುಂಟು. ಅಂಥ ನೀರು ಇದಕ್ಕೆ ಒಗ್ಗುವುದಿಲ್ಲ.

ಅಡುಗೆ ಉಪ್ಪು ಹಾಕಿದರೆ ಸಮುದ್ರದ ನೀರಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಸಮುದ್ರದ ಪ್ರತಿ ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಸೋಡಿಯಂ ಕ್ಲೋರೈಡ್ ಜೊತೆಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಷಿಯಂ, 400 ಮಿಲಿಗ್ರಾಂಗೂ ಸ್ವಲ್ಪ ಹೆಚ್ಚು ಕ್ಯಾಲ್ಷಿಯಂ, ಸುಮಾರು 400 ಮಿಲಿಗ್ರಾಂ ಪೊಟ್ಯಾಷಿಯಂ ಮತ್ತು ಸಲ್ಫೇಟ್ ಮುಂತಾದವು ನಿಗದಿತ ಪ್ರಮಾಣದಲ್ಲಿ ಬೆರೆತಿರುತ್ತವೆ. ಇದಕ್ಕಾಗಿಯೇ ತಯಾರಾದ ಸಮುದ್ರ ಲವಣದ ಮಿಶ್ರಣ ದೊರೆಯುತ್ತದೆ. ನೂರು ಲೀಟರ್ ತೊಟ್ಟಿಗೆ ಮೊದಲ ಬಾರಿ ಮೂರೂವರೆ ಕಿಲೋಗಿಂತ ತುಸು ಹೆಚ್ಚು ಬೇಕು. ಬಳಿಕ ವಾರಕ್ಕೆ ಹತ್ತು ಲೀಟರ್ ನೀರು ಬದಲಿಸಿದರೆ ತಿಂಗಳಿಗೆ ಸುಮಾರು ಒಂದೂವರೆ ಕಿಲೋ ಖರ್ಚಾಗುತ್ತದೆ.

ಹೆಚ್ಚಿನವರು ಎಡವುವುದು ಆವಿಯಾಗುವ ನೀರಿನ ಲೆಕ್ಕದಲ್ಲಿ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಒಣ ಬೇಸಿಗೆಯಲ್ಲಿ ನೂರು ಲೀಟರ್ ತೊಟ್ಟಿಯಿಂದ ದಿನಕ್ಕೆ ಎರಡು ಲೀಟರ್ ಹೋಯಿತೆಂದು ಇಟ್ಟುಕೊಳ್ಳೋಣ. ಮನೆಯವರು ನಾಲ್ಕು ದಿನ ಊರಿಗೆ ಹೋದರೆ 8 ಲೀಟರ್ ಕಡಿಮೆಯಾಗಿ, ಲವಣಾಂಶ 35ರಿಂದ 38ಕ್ಕೆ ಏರುತ್ತದೆ. ಮರಳಿ ಬಂದವರು ಗಾಬರಿಯಿಂದ ಉಪ್ಪುನೀರನ್ನೇ ತುಂಬಿಸಿದರೆ ಅದು ಮತ್ತೂ ಏರುತ್ತದೆ. ಆವಿಯಾದ ಜಾಗಕ್ಕೆ ಶುದ್ಧ ಸಿಹಿನೀರನ್ನು ಮಾತ್ರ, ಪ್ರತಿದಿನವೂ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಈ ಕೆಲಸಕ್ಕೆ ಸ್ವಯಂಚಾಲಿತ ಉಪಕರಣಗಳೂ ಇವೆ.

ತೊಟ್ಟಿ ಸಿದ್ಧವಾದೊಡನೆ ಹವಳವನ್ನು ಬಿಡಬಾರದು. ಜೀವಿಗಳ ಕಸದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಾಜೂಕಿನ ರಿಕಾರ್ಡಿಯಾಕ್ಕಾದರೆ ತೊಟ್ಟಿಗೆ ಇನ್ನೂ ಕೆಲವು ತಿಂಗಳ ವಯಸ್ಸಾಗಿರುವುದು ಕ್ಷೇಮ. 'ತಾಳಿದವನು ಬಾಳಿಯಾನು' ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಇನ್ನೊಂದು ಸೂಕ್ಷ್ಮವಿದೆ. ಅತಿ ಶುಚಿಯಾದ ನೀರೂ ಅಣಬೆ ಹವಳಕ್ಕೆ ಹಿತವಲ್ಲ. ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ ಹಾಗೂ ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಂ ಇದ್ದರೆ ಅದು ಅರಳುತ್ತದೆ. ಇವು ಸೊನ್ನೆಗೆ ಇಳಿದರೆ ಹಸಿವಿನಿಂದ ಕುಗ್ಗುತ್ತದೆ. ಶುದ್ಧೀಕರಣದ ಉತ್ಸಾಹದಲ್ಲಿ ಒಂದರ ಮೇಲೊಂದು ರಾಸಾಯನಿಕ ಸುರಿಯುವವರು ಇದನ್ನು ಅರಿಯಬೇಕು. ಅಳೆಯದೆ ಯಾವುದನ್ನೂ ಸೇರಿಸಬಾರದು.

ತಾಮ್ರವಂತೂ ಹವಳಕ್ಕೆ ವಿಷ. ತಾಮ್ರದ ಬಿಂದಿಗೆಯಲ್ಲಿ ತುಂಬಿಟ್ಟ ನೀರು, ಹಿತ್ತಾಳೆಯ ನಲ್ಲಿ, ಮೀನಿನ ರೋಗಕ್ಕೆ ಬಳಸುವ ತಾಮ್ರದ ಔಷಧಿ, ಇವು ಮೂರೂ ವರ್ಜ್ಯ. ಸೊಳ್ಳೆ ಬತ್ತಿ ಮತ್ತು ಕೀಟನಾಶಕ ಸಿಂಪಡಣೆಯನ್ನು ಆ ಕೋಣೆಯಿಂದ ದೂರವಿಡುವುದು ರೇಷ್ಮೆ ಮನೆಯ ಶಿಸ್ತನ್ನು ಬಲ್ಲವರಿಗೆ ಹೊಸ ಪಾಠವೇನಲ್ಲ.

ಶಾಖ ಮತ್ತು ವಿದ್ಯುತ್

ಬೆಳೆದ ರೇಷ್ಮೆಹುಳುವಿಗೆ 24ರಿಂದ 25 ಡಿಗ್ರಿ ಸೆಲ್ಷಿಯಸ್ ಹದವೆಂದು ಬೆಳೆಗಾರರು ಬಲ್ಲರು. ಅಣಬೆ ಹವಳಕ್ಕೂ 24ರಿಂದ 26 ಡಿಗ್ರಿ ಹಿತ. ಬೇಸಿಗೆಯಲ್ಲಿ ನಮ್ಮ ಪಟ್ಟಣಗಳ ಹೊರಗಿನ ಶಾಖ 35 ಡಿಗ್ರಿ ದಾಟುವುದುಂಟು. ರೇಷ್ಮೆ ಮನೆಗೆ ಒದ್ದೆ ಗೋಣಿತಾಟು ಕಟ್ಟುವ ತತ್ವವೇ ಇಲ್ಲಿಯೂ ನೆರವಾಗುತ್ತದೆ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನಿನಿಂದ ಗಾಳಿ ಬೀಸಿದರೆ ಆವಿಯಾಗುವಿಕೆಯಿಂದ ಎರಡು ಮೂರು ಡಿಗ್ರಿ ಇಳಿಯುತ್ತದೆ. ಅದು ಸಾಲದಾದಾಗ ಚಿಲ್ಲರ್ ಯಂತ್ರ ಬೇಕು. ತೊಟ್ಟಿಯನ್ನು ಬಿಸಿಲು ಬೀಳುವ ಗೋಡೆಗೆ ತಾಗಿಸದಿದ್ದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ನೂರು ಲೀಟರ್ ತೊಟ್ಟಿಯ ವಿದ್ಯುತ್ ವೆಚ್ಚವನ್ನು ಉದಾಹರಣೆಯಾಗಿ ಹೀಗೆ ಅಂದಾಜಿಸಬಹುದು. 50 ವ್ಯಾಟ್ ದೀಪ 8 ಗಂಟೆಗೆ 0.40 ಯೂನಿಟ್, 15 ವ್ಯಾಟ್ ಪಂಪು ದಿನವಿಡೀ 0.36 ಯೂನಿಟ್, 8 ವ್ಯಾಟ್ ಅಲೆಯ ಪಂಪು 0.19 ಯೂನಿಟ್, 150 ವ್ಯಾಟ್ ಚಿಲ್ಲರ್ 8 ಗಂಟೆಗೆ 1.20 ಯೂನಿಟ್. ಒಟ್ಟು ದಿನಕ್ಕೆ 2.15, ತಿಂಗಳಿಗೆ ಸುಮಾರು 65 ಯೂನಿಟ್. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ತಂಪಿನ ವೆಚ್ಚವೇ ಎಂಬುದನ್ನು ಗಮನಿಸಬೇಕು.

ವಿದ್ಯುತ್ ಕಡಿತವಾದಾಗ ಮೊದಲು ಕೊರತೆಯಾಗುವುದು ಬೆಳಕಲ್ಲ, ಆಮ್ಲಜನಕ. ಬೆಳಕಿಲ್ಲದೆ ಹವಳ ಒಂದೆರಡು ದಿನ ತಡೆದುಕೊಳ್ಳುತ್ತದೆ. ಚಲನೆಯಿಲ್ಲದ ನೀರಿನಲ್ಲಿ ಮೀನುಗಳು ಕೆಲವೇ ಗಂಟೆಗಳಲ್ಲಿ ಸಾಯಬಹುದು, ಅವು ಕೊಳೆತರೆ ಹವಳವೂ ಹೋಗುತ್ತದೆ. ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿ ಪಂಪನ್ನು ಮನೆಯಲ್ಲಿಟ್ಟುಕೊಂಡರೆ ದೊಡ್ಡ ನಷ್ಟ ತಪ್ಪುತ್ತದೆ.

ನೆಲೆಗೊಳಿಸುವ ಕ್ರಮ

ಹೊಸದಾಗಿ ತಂದ ಹವಳವನ್ನು ಚೀಲ ಸಮೇತ 15ರಿಂದ 20 ನಿಮಿಷ ತೇಲಿಬಿಟ್ಟು ಶಾಖ ಸರಿಹೊಂದಿಸಬೇಕು. ಅನಂತರ ಅರ್ಧ ಗಂಟೆಗೂ ಹೆಚ್ಚು ಕಾಲ ಹನಿಹನಿಯಾಗಿ ತೊಟ್ಟಿಯ ನೀರನ್ನು ಬೆರೆಸಬೇಕು. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು.

ಅಣಬೆ ಹವಳದ ಮೈ ಲೋಳೆಯಾದ್ದರಿಂದ ಅದಕ್ಕೆ ಅಂಟು ಹಿಡಿಯುವುದಿಲ್ಲ. ಒಂದು ಸಣ್ಣ ಬಟ್ಟಲಿನಲ್ಲಿ ಕಲ್ಲಿನ ಚೂರುಗಳನ್ನಿಟ್ಟು, ಅದರ ಮೇಲೆ ಹವಳವನ್ನು ಕೂರಿಸಿ, ಬಲೆಬಟ್ಟೆ ಮುಚ್ಚಿ ಒಂದೆರಡು ವಾರ ಬಿಟ್ಟರೆ ತಾನಾಗಿಯೇ ಕಲ್ಲನ್ನು ಹಿಡಿದುಕೊಳ್ಳುತ್ತದೆ. ಮೊದಲು ತೊಟ್ಟಿಯ ತಳದಲ್ಲಿ, ಮಂದ ಬೆಳಕು ಮತ್ತು ಮಂದ ಹರಿವಿನಲ್ಲಿಡಬೇಕು. ಬೆಳಕು ಹೆಚ್ಚಿಸುವುದಾದರೆ ಎರಡು ವಾರಗಳಲ್ಲಿ ಹಂತಹಂತವಾಗಿ ಹೆಚ್ಚಿಸಬೇಕು. ಜೋರು ಹರಿವಿಗೆ ಸಿಕ್ಕಿದ ಹವಳ ಬುಡ ಬಿಟ್ಟು ತೇಲಿಹೋಗಿ ಪಂಪಿನಲ್ಲಿ ಸಿಲುಕಿ ಸಾಯುವುದುಂಟು. ಪಂಪಿನ ಬಾಯಿಗೆ ಜಾಲರಿ ಕಡ್ಡಾಯ.

ಅಸೌಖ್ಯದ ಲಕ್ಷಣಗಳು ಸ್ಪಷ್ಟ. ಸದಾ ಮುದುಡಿರುವುದು ಹೆಚ್ಚು ಬೆಳಕಿನ ಅಥವಾ ಹರಿವಿನ ಗುರುತು. ಕಾಂಡ ಉದ್ದವಾಗಿ ಚಾಚಿದರೆ ಬೆಳಕು ಸಾಲದು ಎಂದರ್ಥ. ಬಾಯಿ ತೆರೆದೇ ಇದ್ದು ಒಳಗಿನಿಂದ ಕಂದು ಎಳೆಗಳು ಹೊರಬರುತ್ತಿದ್ದರೆ ನೀರಿನ ಲವಣಾಂಶ, ಶಾಖ, ಅಮೋನಿಯಾಗಳನ್ನು ತಕ್ಷಣ ಅಳೆಯಬೇಕು. ಕರಗಲಾರಂಭಿಸಿದ ಹವಳವನ್ನು ಬೇರ್ಪಡಿಸದಿದ್ದರೆ ಅದರ ಕೊಳೆತದಿಂದ ಪಕ್ಕದವಕ್ಕೂ ಕೇಡು.

ಆರೋಗ್ಯವಾಗಿರುವ ಅಣಬೆ ಹವಳ ಬುಡದ ಚೂರನ್ನು ಹಿಂದೆ ಬಿಟ್ಟು ಮುಂದೆ ಸರಿಯುತ್ತದೆ. ಆ ಚೂರು ಮರಿಯಾಗುತ್ತದೆ. ಬಲಿತ ಹವಳವನ್ನು ಹರಿತವಾದ ಅಲಗಿನಿಂದ ಬಾಯಿಯ ನಡುವೆ ಎರಡಾಗಿ ಕತ್ತರಿಸಿಯೂ ಹೆಚ್ಚಿಸಬಹುದು. ಅಸಲು ಉಳಿಸಿಕೊಂಡು ಬಡ್ಡಿಯಲ್ಲಿ ಬೆಳೆಯುವ ಕೆಲವೇ ಸರಕುಗಳಲ್ಲಿ ಇದೊಂದು. ಆದರೆ ಹೊಸದಾಗಿ ಬಂದ ಅಥವಾ ದಣಿದ ಹವಳವನ್ನು ಕತ್ತರಿಸಿದರೆ ಅಸಲೇ ಹೋಗುತ್ತದೆ.

ಲೆಕ್ಕಪತ್ರ ಮತ್ತು ತೆರಿಗೆ

ಮನೆಯ ತೊಟ್ಟಿಯ ಖರ್ಚು ಸ್ವಂತ ಖರ್ಚು. ಅದನ್ನು ಅಂಗಡಿಯ ಪುಸ್ತಕದಲ್ಲಿ ತೋರಿಸುವಂತಿಲ್ಲ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)ನೇ ಕಲಮಿನಂತೆ ವೈಯಕ್ತಿಕ ಬಳಕೆಯ ಸರಕಿನ ಮೇಲೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ಹವಳವನ್ನು ಬೆಳೆಸಿ ಮಾರುವವರಿಗೂ ಇದೇ ಕಲಮು ಮುಖ್ಯ. ನಾಶವಾದ ಅಥವಾ ಪುಸ್ತಕದಿಂದ ವಜಾ ಮಾಡಿದ ಸರಕಿನ ಮೇಲೆ ಪಡೆದ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಉಚಿತವಾಗಿ ಕೊಟ್ಟ ಮಾದರಿಗೂ ಇದು ಅನ್ವಯ. ಹತ್ತರಲ್ಲಿ ಮೂರು ಹವಳ ಸತ್ತರೆ ನಷ್ಟ ಮೂರರ ಬೆಲೆಯಷ್ಟೇ ಅಲ್ಲ, ಅವುಗಳ ತೆರಿಗೆಯೂ ಸೇರಿದ್ದು.

ಆದಾಯ ತೆರಿಗೆಯಲ್ಲಿ ವ್ಯಾಪಾರಿ ಸರಕಲ್ಲದೆ ವ್ಯವಹಾರಕ್ಕಾಗಿ ಬಳಸಿದ ಪ್ರಾಣಿ ಸತ್ತರೆ ಅದರ ವೆಚ್ಚವನ್ನು ಕಳೆಯಲು 1961ರ ಕಾಯಿದೆಯ 36(1)ನೇ ಕಲಮಿನ ಆರನೆಯ ಉಪಖಂಡ ಅವಕಾಶ ನೀಡಿತ್ತು. 2026ರ ಏಪ್ರಿಲ್ 1 ಜಾರಿಯ ದಿನಾಂಕವಾಗಿರುವ 2025ರ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಸಂಬಂಧಪಟ್ಟವರು ತಮ್ಮ ಸಲಹೆಗಾರರಲ್ಲಿ ವಿಚಾರಿಸುವುದು ಒಳಿತು. ಬಂದ ದಿನಾಂಕ, ಜಾತಿ, ಸಂಖ್ಯೆ, ಕತ್ತರಿಸಿದ್ದು, ಮಾರಿದ್ದು, ಸತ್ತದ್ದು, ಇಷ್ಟು ಅಂಕಣಗಳ ದಾಸ್ತಾನು ಪುಸ್ತಕವಿದ್ದರೆ ತೆರಿಗೆ ಅಧಿಕಾರಿಗೂ ಅರಣ್ಯಾಧಿಕಾರಿಗೂ ಅದೇ ಉತ್ತರವಾಗುತ್ತದೆ.

ಸಣ್ಣ ತಯಾರಕರಿಗೆ ನಿಜವಾದ ಅವಕಾಶ ಇರುವುದು ಬಹುಶಃ ಹವಳದ ಮಾರಾಟದಲ್ಲಲ್ಲ, ಅದರ ಸುತ್ತಲಿನ ಸಾಮಗ್ರಿಯಲ್ಲಿ. ಹವಳದ ಕಲ್ಲಿಗೆ ಬದಲಿಯಾದ ಸಿರಾಮಿಕ್ ಬಂಡೆ ಮತ್ತು ಬಿಲ್ಲೆ, ಅಕ್ರಿಲಿಕ್ ಚೌಕಟ್ಟು, ಗಾಜಿನ ತೊಟ್ಟಿ, ತೊಟ್ಟಿಯ ಪೀಠ, ಜಾಲರಿ ಮುಚ್ಚಳ, ಇವುಗಳಿಗೆ ಜೀವಭಯವೂ ಇಲ್ಲ, ವನ್ಯಜೀವಿ ಕಾಯಿದೆಯ ಭಯವೂ ಇಲ್ಲ. ಕಾನೂನುಬದ್ಧ ಕೃತಕ ಬಂಡೆ ಸುಲಭವಾಗಿ ಸಿಕ್ಕಷ್ಟೂ ಕಡಲಿನ ಬಂಡೆಗೆ ಕೈಹಾಕುವವರು ಕಡಿಮೆಯಾಗುತ್ತಾರೆ.

ಕೊನೆಯದಾಗಿ ಒಂದು ಮಾತು. ಬದಲಿಸಿದ ಉಪ್ಪುನೀರನ್ನು ಹಿಪ್ಪುನೇರಳೆ ತೋಟಕ್ಕೋ ಕೆರೆಗೋ ಬಿಡಬಾರದು. ಆ ಲವಣ ಮಣ್ಣನ್ನು ಕೆಡಿಸುತ್ತದೆ. ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನು ಮಾತ್ರ ನೆಲ ತೊಳೆಯಲು, ಪಾತ್ರೆ ಬೆಳಗಲು ಬಳಸಬಹುದು. ನೀರಿಗೆ ಬರವಿರುವ ಸೀಮೆಯಲ್ಲಿ ಕಡಲಿನ ತುಣುಕೊಂದನ್ನು ಸಾಕುವವರು ನೀರಿನ ಲೆಕ್ಕವನ್ನೂ ಹಣದ ಲೆಕ್ಕದಷ್ಟೇ ನಿಷ್ಠೆಯಿಂದ ಇಡಬೇಕು. ಪ್ರತಿದಿನ ಹತ್ತು ನಿಮಿಷ ನೋಡಲು, ವಾರಕ್ಕೊಮ್ಮೆ ಅಳೆಯಲು, ತಿಂಗಳಿಗೊಮ್ಮೆ ಖರ್ಚು ಬರೆಯಲು ಸಿದ್ಧರಿರುವವರು ಡಿಸ್ಕೋಸೋಮಾದಿಂದ ಆರಂಭಿಸಲಿ. ಒಂದು ವರ್ಷ ಅದು ಉಳಿದು ಹೆಚ್ಚಿದರೆ ರಿಕಾರ್ಡಿಯಾದ ಕಡೆ ನೋಡಲಿ. ಅಷ್ಟು ಸಮಯವಿಲ್ಲದವರು ಸಿಹಿನೀರಿನ ಮೀನುಗಳಲ್ಲಿಯೇ ತೃಪ್ತರಾಗುವುದು ಅವರಿಗೂ ಹವಳಕ್ಕೂ ಕ್ಷೇಮಕರ.